ಉಪ್ಪಿನಕಾಯಿ ಜೊತೆ ಒಂದು ಜೋಡಿ ಉಲ್ಲನ್

ಮಂಗಳೂರಿನ ಸೆಕೆಯಲ್ಲಿ ಕುಳಿತು ಉಲ್ಲನ್ ಹೆಣೆಯುತ್ತೇವೆ ಅಂದರೆ ನಗುವವರೇ ಜಾಸ್ತಿ. ಡಿಸೆಂಬರಿನಲ್ಲೂ ಫ್ಯಾನ್ ನಿಲ್ಲಿಸದ ಮನೆಗಳು ನಮ್ಮವು. ಆದರೆ ನಮ್ಮವರೆಲ್ಲ ಕಡಲ ಬದಿಯಲ್ಲೇ ಇದ್ದಾರಾ? ಮೂಡಿಗೆರೆ, ಸಕಲೇಶಪುರ, ಮಡಿಕೇರಿಯಲ್ಲಿ ಅಂಗಡಿ, ಕಾಫಿ, ಕರಿಮೆಣಸಿನ ವ್ಯಾಪಾರ ಅಂತ ನೆಲೆಸಿದವರಿದ್ದಾರೆ. ಗಲ್ಫ್ ಅಂದರೆ ಬರೀ ಬಿಸಿಲು ಅಂದುಕೊಂಡವರು ಜನವರಿಯಲ್ಲಿ ರಿಯಾದಿನಲ್ಲಿರುವ ಮಗನಿಗೆ ಒಂದು ಫೋನ್ ಮಾಡಿ ಕೇಳಲಿ. ರಾತ್ರಿಯ ಉಷ್ಣಾಂಶ ಅಲ್ಲಿ ಒಂದಂಕಿಗೆ ಇಳಿಯುತ್ತದೆ. ತಬೂಕ್ ಕಡೆಯ ಬೆಟ್ಟಗಳಲ್ಲಿ ಕೆಲವು ವರ್ಷ ಹಿಮವೂ ಬೀಳುತ್ತದೆ.

ನಮ್ಮಲ್ಲಿ ಉಡುಗೊರೆಯ ದಾರಿ ಬಹುಕಾಲ ಒಂದೇ ಕಡೆಗೆ ಇತ್ತು. ಅಲ್ಲಿಂದ ಪೆಟ್ಟಿಗೆ ಬರುತ್ತದೆ. ಅತ್ತರು, ಕಂಬಳಿ, ಚಾಕಲೇಟು. ಇಲ್ಲಿಂದ ಹೋಗುವುದು ಉಪ್ಪಿನಕಾಯಿ, ಒಣಮೀನು, ತೆಂಗಿನೆಣ್ಣೆ. ತಿಂದರೆ ಮುಗಿಯಿತು. ಅದರ ಜೊತೆಗೆ ಉಮ್ಮನೋ ತಂಗಿಯೋ ಕೈಯಾರೆ ಹೆಣೆದ ರಿಸ್ಟ್ ವಾರ್ಮರ್ ಒಂದು ಜೋಡಿ ಹೋದರೆ ಹೇಗೆ?

ಗ್ಲೌಸ್ ಯಾಕಲ್ಲ ಅಂತ ಕೇಳಬಹುದು. ರಿಸ್ಟ್ ವಾರ್ಮರ್ ಮಣಿಕಟ್ಟು ಮತ್ತು ಅಂಗೈಯನ್ನು ಮಾತ್ರ ಮುಚ್ಚುತ್ತದೆ, ಬೆರಳು ಪೂರಾ ಹೊರಗೆ. ಹಣ ಎಣಿಸಬಹುದು, ಮೊಬೈಲ್ ಒತ್ತಬಹುದು, ತಸ್ಬೀಹ್ ಮಣಿ ತಿರುಗಿಸಬಹುದು. ಮುಖ್ಯವಾಗಿ ವುಝೂ. ಮೊಣಕೈವರೆಗೆ ತೊಳೆಯಲು ದಿನಕ್ಕೆ ಎಷ್ಟು ಸಲ ತೆಗೆಯಬೇಕು, ಎಷ್ಟು ಸಲ ಹಾಕಬೇಕು! ಸುಬಹಿ ನಮಾಝ್‌ಗೆ ತಣ್ಣೀರು ಮುಟ್ಟಿದ ಮೇಲೆ ಒಂದೊಂದು ಬೆರಳನ್ನೂ ಹುಡುಕಿ ತೂರಿಸುವ ಕೆಲಸ ಇದರಲ್ಲಿಲ್ಲ. ಎಳೆದರೆ ಬಂತು, ನೂಕಿದರೆ ಹೋಯಿತು.

ಸೀದಾ, ಉಲ್ಟಾ ಎರಡು ಹೆಣಿಗೆ ಗೊತ್ತಿದ್ದರೆ ಸಾಕು. 4 ಮಿ.ಮೀ. ಕಡ್ಡಿ, ಮಧ್ಯಮ ದಪ್ಪದ ನೂಲು. ಸಾಧಾರಣ ಕೈಗೆ 42 ಕುಣಿಕೆ ಹಾಕಿ. ಮೊದಲ 10 ಸಾಲು ಎರಡು ಸೀದಾ, ಎರಡು ಉಲ್ಟಾ. ರಬ್ಬರಿನ ಹಾಗೆ ಹಿಡಿದುಕೊಳ್ಳುವುದು ಈ ಪಟ್ಟಿಯೇ. ನಂತರ ಜಡೆ. ಅದನ್ನು ನಟ್ಟನಡುವೆ ಇಟ್ಟರೆ ಹೊಲಿದ ಮೇಲೆ ಕಿರುಬೆರಳ ಬದಿಗೆ ಹೋಗಿ ಕೂರುತ್ತದೆ, ಏಕೆಂದರೆ ಹೊಲಿಗೆ ಬರುವುದು ಹೆಬ್ಬೆರಳ ಬದಿಯಲ್ಲಿ. ಆದ್ದರಿಂದ ಮುಂಭಾಗದ ಸಾಲಿನಲ್ಲಿ 6 ಸೀದಾ, 2 ಉಲ್ಟಾ, ಜಡೆಯ 6 ಸೀದಾ, ಮತ್ತೆ 2 ಉಲ್ಟಾ, ಉಳಿದ 26 ಸೀದಾ. ಹಿಂಭಾಗದಲ್ಲಿ ಕಂಡಂತೆಯೇ ಹೆಣೆಯುವುದು. ಇನ್ನೊಂದು ಕೈಗೆ 26ರಿಂದ ಶುರು ಮಾಡಿದರೆ ಎರಡೂ ಜೋಡಿಯಾಗುತ್ತವೆ.

ಜಡೆ ನೋಡಿ ಹೆದರುವವರೇ ಹೆಚ್ಚು. ಅದರ ಗುಟ್ಟು ಇಷ್ಟೇ: ಆರರಲ್ಲಿ ಮೊದಲ ಮೂರು ಕುಣಿಕೆಯನ್ನು ಬೇರೊಂದು ಸಣ್ಣ ಕಡ್ಡಿಗೆ ದಾಟಿಸಿ ಮುಂದೆ ಬಿಡಿ, ಮುಂದಿನ ಮೂರನ್ನು ಹೆಣೆಯಿರಿ, ಆಮೇಲೆ ಬಿಟ್ಟ ಮೂರನ್ನು ಹೆಣೆಯಿರಿ. ತಿರುವು ಎಡಕ್ಕೆ ವಾಲುತ್ತದೆ. ಹಿಂದೆ ಬಿಟ್ಟರೆ ಬಲಕ್ಕೆ. ಒಂದು ಕೈಗೆ ಎಡ, ಇನ್ನೊಂದಕ್ಕೆ ಬಲ ಮಾಡಿದರೆ ಚಂದ. ಎಂಟು ಸಾಲಿಗೊಮ್ಮೆ ಹೀಗೆ ತಿರುಗಿಸಿದರೆ ಹಗ್ಗದಂತೆ ಎದ್ದು ಕಾಣುತ್ತದೆ. ಸಣ್ಣ ಕಡ್ಡಿ ಇಲ್ಲವಾ? ಮಫ್ತಾದ ದೊಡ್ಡ ಸೇಫ್ಟಿ ಪಿನ್ ಸಾಕು. ಸುಮಾರು 17 ಸೆ.ಮೀ. ಆದಾಗ ಮೇಲೂ ನಾಲ್ಕು ಸಾಲು ಪಟ್ಟಿ ಹೆಣೆದು ಮುಗಿಸಿ, ಅಂಚು ಸೇರಿಸಿ ಹೊಲಿಯಿರಿ. ಹೆಬ್ಬೆರಳಿಗೆ 4–5 ಸೆ.ಮೀ. ಬಿಡಲು ಮರೆಯಬೇಡಿ.

ಬೀಡಿ ಕಟ್ಟಿದ ಕೈಗಳಿಗೆ ಇದೇನೂ ಕಷ್ಟವಲ್ಲ. ಎಲೆ ಮಡಚಿ ನೂಲು ಸುತ್ತುವ ಬೆರಳಿಗೆ ಬೇಕಾದಷ್ಟು ಪಳಗಿಕೆ ಇದೆ. ವ್ಯತ್ಯಾಸ ಒಂದೇ. ಬೀಡಿಗೆ ಸಾವಿರಕ್ಕೆ ಇಷ್ಟು ಅಂತ ಲೆಕ್ಕವುಂಟು. ಮನೆಯವರಿಗೆ ಹೆಣೆದದ್ದಕ್ಕೆ ಲೆಕ್ಕವೇ ಇಲ್ಲ. ಒಂದು ಜೋಡಿಗೆ ಇಶಾ ಕಳೆದ ಐದಾರು ರಾತ್ರಿಯಾದರೂ ಬೇಕು. ಆದರೂ ಕಂಡವರೆಲ್ಲ "ನನಗೂ ಒಂದು ಮಾಡಿಕೊಡು, ಸುಮ್ಮನೆ ಕೂತಾಗ ಮಾಡಿದರಾಯಿತು" ಅನ್ನುತ್ತಾರೆ. ಯಾವ ಹೆಂಗಸು ಸುಮ್ಮನೆ ಕೂತಿರುತ್ತಾಳೆ? ನಮ್ಮ ಅಭಿಪ್ರಾಯ ನೇರ: ಮನಸ್ಸಿಗೆ ಬಂದವರಿಗೆ ಕೊಡಿ, ಕೇಳಿದವರಿಂದ ನೂಲಿನ ಹಣದ ಜೊತೆ ಕೂಲಿಯನ್ನೂ ತೆಗೆದುಕೊಳ್ಳಿ. ನಾಚಿಕೆ ಪಡುವ ವಿಷಯವಲ್ಲ.

ನೂಲು ಕೊಳ್ಳುವಾಗ ಲೇಬಲ್ ಓದಿ. ಕಡಿಮೆ ಬೆಲೆಯ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್. ಮೆಷಿನ್ನಿಗೆ ಹಾಕಿದರೂ ಕುಗ್ಗುವುದಿಲ್ಲ, ರೂಮಿನಲ್ಲಿ ಒಬ್ಬನೇ ಬಟ್ಟೆ ಒಗೆಯುವ ಹುಡುಗನಿಗೆ ಅದೇ ವಾಸಿ. ಘಟ್ಟದ ಮಳೆ, ಮಂಜಿಗೆ ಅಸಲಿ ಉಣ್ಣೆ ಒಳ್ಳೆಯದು, ಸ್ವಲ್ಪ ತೇವವಾದರೂ ಬಿಸಿ ಬಿಡುವುದಿಲ್ಲ. ಆದರೆ ಬಿಸಿನೀರಿಗೆ ಹಾಕಿದರೆ ಮಗುವಿನ ಕೈಯ ಅಳತೆಗೆ ಬರುತ್ತದೆ. ಮೆತ್ತಗಿದೆ ಅಂತ ರೇಷ್ಮೆ ಬೆರೆತ ನೂಲು ತರಬೇಡಿ, ಗಂಡಸರಿಗೆ ರೇಷ್ಮೆ ಹರಾಂ ಎನ್ನುವುದು ನೆನಪಿರಲಿ. ಉಮ್ರಾಗೆ ಹೊರಟವರಿಗೆ ಕೊಡುವುದಾದರೆ ಮದೀನಾದ ಚಳಿಗೆ ಸರಿ. ಇಹ್ರಾಮ್‌ನಲ್ಲಿ ಗಂಡಸರು ಹಾಕುವಂತಿಲ್ಲ, ಹೆಂಗಸರು ಉಸ್ತಾದರಲ್ಲಿ ಕೇಳಿಕೊಳ್ಳಲಿ.

ಊರಿಗೆ ಬಂದವರು ಹಿಂದಿರುಗುವಾಗ ಬ್ಯಾಗಿನ ತೂಕ ನೋಡುವುದೇ ದೊಡ್ಡ ಕೆಲಸ. ಈ ಜೋಡಿ ನೂರು ಗ್ರಾಂ ಕೂಡ ಬರುವುದಿಲ್ಲ, ಯಾವ ಸಂದಿಯಲ್ಲೂ ತುರುಕಬಹುದು. ಉಪ್ಪಿನಕಾಯಿ ಬಾಟಲಿಯಿಂದ ಮಾತ್ರ ದೂರ ಇಡಿ. ಉಳಿದ ನೂಲಿನಲ್ಲಿ ಒಂದೆರಡು ಮೀಟರ್ ಸುತ್ತಿ ಜೊತೆಗೇ ಇಟ್ಟರೆ, ಎಲ್ಲಾದರೂ ಎಳೆ ಕಿತ್ತುಬಂದರೆ ಅಲ್ಲೇ ಹೊಲಿದುಕೊಳ್ಳುತ್ತಾರೆ.