ಹೊಡೆತವಿಲ್ಲದ ವಿಜಯ: ೧೯೦೬ರ ಚಿಕಾಗೋ ತಂಡ

ಅಮೆರಿಕದ ಬೇಸ್‌ಬಾಲ್ ಆಟದ ಚರಿತ್ರೆಯಲ್ಲಿ ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಿಗೆ ‘ನಿರ್ಜೀವ ಚೆಂಡಿನ ಯುಗ’ವೆಂದು ಹೆಸರು. ಆಗ ಒಂದೇ ಚೆಂಡನ್ನು ಮಾಸಿ ಮೆತ್ತಗಾಗುವ ತನಕ ಬಳಸುತ್ತಿದ್ದರು. ಅದಕ್ಕೆ ಉಗುಳು ಸವರಿ ಎಸೆಯುವುದೂ ನಿಯಮವಿರುದ್ಧವಾಗಿರಲಿಲ್ಲ. ಆದುದರಿಂದ ದೂರದ ಹೊಡೆತಗಳು ವಿರಳವಾಗಿ, ಒಂದೊಂದು ಓಟಕ್ಕೂ ಅಪಾರವಾದ ಬೆಲೆಯಿದ್ದಿತು.

ಆ ಯುಗದ ಲಕ್ಷಣವನ್ನರಿಯಲು ೧೯೦೬ರ ಚಿಕಾಗೋ ವೈಟ್ ಸಾಕ್ಸ್ ತಂಡವು ಉತ್ತಮ ನಿದರ್ಶನ. ಅದರ ಹೊಡೆತದ ಸರಾಸರಿ .೨೩೦; ಅಮೆರಿಕನ್ ಲೀಗಿನ ಎಂಟು ತಂಡಗಳಲ್ಲಿ ಇದೇ ಕನಿಷ್ಠ. ‘ಹೊಡೆತವಿಲ್ಲದ ಅದ್ಭುತರು’ ಎಂಬ ಬಿರುದು ಆ ಆಟಗಾರರಿಗೆ ಬಂದುದು ಇದರಿಂದಲೇ. ಆದರೂ ಅವರು ಆಗಸ್ಟಿನಲ್ಲಿ ಸೋಲನ್ನೇ ಕಾಣದೆ ೧೯ ಪಂದ್ಯಗಳನ್ನು ಗೆದ್ದು, ಒಟ್ಟು ೯೩ ಗೆಲವು, ೫೮ ಸೋಲುಗಳೊಡನೆ ಅಗ್ರಸ್ಥಾನವನ್ನು ಪಡೆದರು.

ಇದು ಹೇಗೆ ಸಾಧ್ಯವಾಯಿತು? ಸರಾಸರಿಯು ಹೊಡೆತವನ್ನು ಮಾತ್ರ ಎಣಿಸುವುದು. ಎದುರಾಳಿಯ ತಪ್ಪೆಸೆತಗಳನ್ನು ತಾಳ್ಮೆಯಿಂದ ಬಿಟ್ಟು ಬೇಸನ್ನು ಸೇರುವುದು, ಚೆಂಡನ್ನು ಮೆಲ್ಲನೆ ತಟ್ಟಿ ಜತೆಗಾರನನ್ನು ಮುಂದೆ ಸಾಗಿಸುವುದು—ಇವು ಅದರ ಲೆಕ್ಕಕ್ಕೆ ಬಾರವು. ಓಟಗಳ ಗಣನೆಯಲ್ಲಿ ಈ ತಂಡದ್ದು ಮೂರನೆಯ ಸ್ಥಾನ. ಎಡ್ ವಾಲ್ಷ್ ಮೊದಲಾದ ಎಸೆತಗಾರರು ಆ ಅಲ್ಪಧನವನ್ನೇ ಕಾಪಾಡಿದರು.

ಅಕ್ಟೋಬರಿನಲ್ಲಿ ಎದುರಾದುದು ಅದೇ ನಗರದ ಕಬ್ಸ್ ತಂಡ. ಅದು ೧೧೬ ಪಂದ್ಯಗಳನ್ನು ಗೆದ್ದು, ೩೬ರಲ್ಲಿ ಮಾತ್ರ ಸೋತಿದ್ದಿತು. ಮೂರನೆಯ ಪಂದ್ಯದಲ್ಲಿ ವಾಲ್ಷನು ೧೨ ಮಂದಿ ದಾಂಡಿಗರನ್ನು ಚೆಂಡು ಮುಟ್ಟಗೊಡದೆ ಹಿಂದಿರುಗಿಸಿದನು. ಕಡೆಗೆ ವೈಟ್ ಸಾಕ್ಸ್ ತಂಡವೇ ನಾಲ್ಕು-ಎರಡರಿಂದ ಗೆದ್ದಿತು. ಒಂದೇ ಅಳತೆಗೋಲಿನಿಂದ ಸತ್ತ್ವವನ್ನು ನಿರ್ಣಯಿಸುವವರು ಈ ವೃತ್ತಾಂತವನ್ನು ಮನನ ಮಾಡತಕ್ಕದ್ದು.