ಗುಡ್ಡ ಜರಿಯುವುದೇಕೆ? ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಯ ಹಿಡುವಳಿದಾರರು ತಿಳಿಯಬೇಕಾದ ಸಂಗತಿಗಳು

ಭೂಕುಸಿತವೆಂಬುದು ಮಲೆನಾಡಿಗೆ ಸೇರಿದ ಕೇಡು, ಬಯಲುಸೀಮೆಗೆ ಅದರ ಬಾಧೆಯಿಲ್ಲ ಎಂದು ಹೊಸಪೇಟೆ, ಸಂಡೂರುಗಳ ಕಡೆಯ ಜನರು ಸಾಮಾನ್ಯವಾಗಿ ಭಾವಿಸಿರುವರು. ಹೀಗೆ ಭಾವಿಸುವುದಕ್ಕೆ ಕಾರಣವೂ ಉಂಟು. 2018ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಕೊಡಗಿನ ಗುಡ್ಡಗಳು ಮನೆಮಠ, ಕಾಫಿ ತೋಟಗಳ ಸಮೇತ ಜರಿದು ಬಿದ್ದವು. 2020ನೆಯ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೂ, 2024ನೆಯ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮಗ್ಗುಲ ಗುಡ್ಡವೂ ಕುಸಿದು ಪ್ರಾಣಹಾನಿಯಾಯಿತು. ಇವೆಲ್ಲವೂ ಅತಿವೃಷ್ಟಿಯ ಸ್ಥಳಗಳು. ಹೊಸಪೇಟೆ, ಕಂಪ್ಲಿಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಮಡಿಕೇರಿಯ ಮಳೆಯ ಕಾಲುಭಾಗದಷ್ಟೂ ಆಗಲಾರದು.

ಆದರೆ ಗುಡ್ಡವನ್ನು ಕೆಡಹುವುದು ವರ್ಷದ ಮಳೆಯ ಮೊತ್ತವಲ್ಲ. ಒಂದೆರಡು ದಿನಗಳಲ್ಲಿ ಸುರಿದ ನೀರು ಮಣ್ಣಿನೊಳಗೆ ಎಷ್ಟು ಸೇರಿತು, ಸೇರಿದ್ದು ಹೊರಕ್ಕೆ ಹೋಗುವುದಕ್ಕೆ ದಾರಿಯಿತ್ತೇ, ಗುಡ್ಡದ ಬುಡ ಮೊದಲಿದ್ದಂತೆಯೇ ಇತ್ತೇ ಎಂಬುವೇ ಮುಖ್ಯವಾದ ಪ್ರಶ್ನೆಗಳು. ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಗಳಲ್ಲಿ ಈ ಸೀಮೆಗೆ ಬರುವ ಮಳೆಯು ಕೆಲವು ವರ್ಷ ಹನಿಯಾಗಿ ಬರದೆ ಹೊಡೆತವಾಗಿ ಬರುವುದೆಂಬುದನ್ನು ಹಿರಿಯ ರೈತರೆಲ್ಲರೂ ಬಲ್ಲರು.

ಮೊದಲು ಜರಿತದ ಮೂಲಕಾರಣವನ್ನು ತಿಳಿಯತಕ್ಕದ್ದು. ಕಣದಲ್ಲಿ ಜೋಳವನ್ನು ತೂರಿ ರಾಶಿ ಹಾಕುವಾಗ ಎಷ್ಟು ಸುರಿದರೂ ರಾಶಿಯ ಮಗ್ಗುಲು ಒಂದೇ ಓರೆಯಲ್ಲಿ ನಿಲ್ಲುವುದು. ಅದಕ್ಕಿಂತ ಕಡಿದಾಗಲು ಹೋದರೆ ಕಾಳುಗಳು ತಾವಾಗಿ ಉರುಳಿ ಮತ್ತೆ ಅದೇ ಓರೆಗೆ ಬರುವವು. ರಾಶಿಯ ಬುಡದಿಂದ ಒಂದು ಬೊಗಸೆ ಕಾಳನ್ನು ತೆಗೆದರೆ ಮೇಲಿನವರೆಗೂ ಮಗ್ಗುಲು ಜಾರುವುದು. ಗುಡ್ಡದ ಮಣ್ಣಿಗೂ ಇದೇ ನ್ಯಾಯ. ಭಾರವು ಕೆಳಕ್ಕೆ ಎಳೆಯುತ್ತದೆ. ಕಣಗಳ ನಡುವಿನ ತಿಕ್ಕಾಟವೂ, ಜೇಡಿಯಿದ್ದರೆ ಅದರ ಅಂಟೂ ಹಿಡಿದು ನಿಲ್ಲಿಸುತ್ತವೆ. ನೆನೆದ ಮಣ್ಣು ಭಾರ ಹೆಚ್ಚಿ ಬೀಳುವುದೆಂಬ ಮಾತು ಅರ್ಧ ಮಾತ್ರ ನಿಜ. ಕಣಗಳ ಸಂದುಗಳಲ್ಲಿ ತುಂಬಿದ ನೀರು ಅವುಗಳನ್ನು ಒಂದರಿಂದೊಂದು ಎತ್ತಿಹಿಡಿದು ತಿಕ್ಕಾಟವನ್ನೇ ಕಡಮೆ ಮಾಡುವುದು ಹೆಚ್ಚಿನ ಕೇಡು. ಒಣಗಿದಾಗ ಮೂವತ್ತು ಅಂಶಕ್ಕೂ ಮೀರಿದ ಓರೆಯಲ್ಲಿ ನಿಲ್ಲುವ ಸಡಿಲ ಮಣ್ಣು, ಒಳಗೆ ನೀರು ತುಂಬಿ ಇಳುಕಲಿನುದ್ದಕ್ಕೂ ಹರಿಯತೊಡಗಿದರೆ ಅದರ ಅರ್ಧದಷ್ಟು ಓರೆಯಲ್ಲಿ ಮಾತ್ರ ನಿಲ್ಲಬಲ್ಲದು. ಹತ್ತು ವರ್ಷ ನಿಂತ ರಾಶಿ ಒಂದು ರಾತ್ರಿಯಲ್ಲಿ ಬರುವುದಕ್ಕೆ ಇದೇ ಕಾರಣ. “ಇಷ್ಟು ದಿನ ಏನೂ ಆಗಿಲ್ಲ” ಎಂಬುದನ್ನು ಪ್ರಮಾಣವಾಗಿ ಇಟ್ಟುಕೊಳ್ಳಬಾರದು.

ಇನ್ನು ಸಂಡೂರಿನ ಗುಡ್ಡಗಳ ಸಂಗತಿ. ದೋಣಿಮಲೆ, ರಾಮನಮಲೆ, ಕುಮಾರಸ್ವಾಮಿ ಬೆಟ್ಟ ಮೊದಲಾದವುಗಳ ನೆತ್ತಿಯಲ್ಲಿ ಕಬ್ಬಿಣದ ಅದಿರೂ, ಪಟ್ಟೆಪಟ್ಟೆಯಾದ ಬಲು ಗಟ್ಟಿ ಕಲ್ಲೂ ಇರುವವು. ಅದರ ಪಕ್ಕದಲ್ಲಿಯೂ ಕೆಳಗೂ ಇರುವುದು ಮೆದುವಾದ ಪದರಗಲ್ಲು. ಇದು ಕೊಳೆತರೆ ಕೈಗೆ ಎಣ್ಣೆ ಸವರಿದಂತೆ ನುಣ್ಣಗಾಗುವ ಮಣ್ಣಾಗುವುದು. ಪದರಗಳು ಮಟ್ಟವಾಗಿರದೆ ಕಡಿದಾಗಿ ವಾಲಿಕೊಂಡಿರುವವು. ಆದರೂ ಮೈಮೇಲೆ ಕಾಡಿದ್ದು, ಕೈಹಾಕದೆ ಬಿಟ್ಟ ಸಂಡೂರಿನ ಗುಡ್ಡ ಸಹಜವಾಗಿ ಬಲವಾದುದೇ. ಅದನ್ನು ಕೊಡಗಿನ ಆಳವಾದ ಮಣ್ಣಿನ ಗುಡ್ಡಕ್ಕೆ ಹೋಲಿಸಬಾರದು. ಇಲ್ಲಿ ಭಯವಿರುವುದು ದೇವರು ಮಾಡಿದ ಗುಡ್ಡದಿಂದ ಅಷ್ಟಲ್ಲ, ಮನುಷ್ಯನು ಗುಡ್ಡದ ಮೇಲೆ ಹಾಕಿದ ಗುಡ್ಡದಿಂದ.

ಅದಿರನ್ನು ತೆಗೆಯಬೇಕಾದರೆ ಅದರ ಮೇಲಿನ ಮಣ್ಣುಕಲ್ಲುಗಳನ್ನು ಮೊದಲು ತೆಗೆದು ಎಲ್ಲಿಯಾದರೂ ಹಾಕಬೇಕು. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಹೊರದೇಶದಿಂದ ಅದಿರಿಗೆ ಬೇಡಿಕೆ ಬಂದು ಗಣಿಗಾರಿಕೆ ಮಿತಿಮೀರಿದಾಗ ಇಂತಹ ಮಣ್ಣನ್ನು ಹಲವೆಡೆ ಗುಡ್ಡದ ಅಂಚಿನಿಂದ ಕೊರಕಲುಗಳಿಗೆ ಸುರಿದುಬಿಟ್ಟರು. ಸರ್ವೋಚ್ಚ ನ್ಯಾಯಾಲಯವು 2011ನೆಯ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿದು, 2013ನೆಯ ಏಪ್ರಿಲ್ 18ರ ತೀರ್ಪಿನಲ್ಲಿ ಹೆಚ್ಚಿನ ಅಕ್ರಮ ಕಂಡುಬಂದ ಗುತ್ತಿಗೆಗಳನ್ನು ರದ್ದುಪಡಿಸಿತು. ಉಳಿದ ಗಣಿಗಳಿಗೆ ಭೂಮಿಯನ್ನು ಸರಿಪಡಿಸುವ ಯೋಜನೆಯನ್ನು ಕಡ್ಡಾಯ ಮಾಡಲಾಯಿತು. ರಾಶಿಗಳನ್ನು ಮೆಟ್ಟಿಲುಗಳಾಗಿ ಕಡಿಯುವುದು, ಬುಡಕ್ಕೆ ಕಲ್ಲಿನ ಗೋಡೆ, ಸುತ್ತ ಹಾರದಂತೆ ಕಾಲುವೆ, ಹಳ್ಳಗಳಿಗೆ ತಡೆಗಟ್ಟೆ, ಮೈಮೇಲೆ ಹುಲ್ಲು ಗಿಡ ಇವು ಅದರ ಮುಖ್ಯ ಕೆಲಸಗಳು.

ಕೊರಕಲಿಗೆ ಮಣ್ಣು ಸುರಿಯುವುದು ಏಕೆ ಅಷ್ಟು ಕೆಟ್ಟದ್ದೆಂಬುದನ್ನು ಪರದೇಶದ ಒಂದು ನಿದರ್ಶನದಿಂದ ತಿಳಿಯಬಹುದು. ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಅಬರ್ಫಾನ್ ಎಂಬ ಕಲ್ಲಿದ್ದಲು ಗಣಿಯ ಹಳ್ಳಿಯುಂಟು. ಹಳ್ಳಿಯ ಮೇಲಿನ ಬೆಟ್ಟದ ಓರೆಯಲ್ಲಿ ಗಣಿಯ ಕಸಮಣ್ಣಿನ ರಾಶಿಗಳಿದ್ದವು. ಅವುಗಳಲ್ಲಿ ಏಳನೆಯದನ್ನು 1958ರಲ್ಲಿ ಆರಂಭಿಸಿದಾಗ ಒರತೆಯಿದ್ದ ನೆಲದ ಮೇಲೆಯೇ ಹಾಕಿದರು. ಒರತೆ ಇರುವುದು ಸರ್ಕಾರಿ ನಕ್ಷೆಯಲ್ಲಿಯೇ ಕಾಣುತ್ತಿತ್ತು. ಅದೇ ಬೆಟ್ಟದ ಬೇರೊಂದು ರಾಶಿ 1944ರಲ್ಲಿ ಜಾರಿತ್ತು; ಏಳನೆಯ ರಾಶಿಯೂ 1963ರಲ್ಲಿ ಒಮ್ಮೆ ಜಾರಿತು. ಶಾಲೆಯ ಹಿಂದೆ ಸುರಿಯುತ್ತಿರುವ ಕೆಸರಿನಿಂದ ಅಪಾಯವಿದೆಯೆಂದು ಪುರಸಭೆಯ ಎಂಜಿನಿಯರು ಆ ವರ್ಷವೇ ಕಾಗದ ಬರೆದಿದ್ದರು. ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. 1966ನೆಯ ಅಕ್ಟೋಬರ್ 21ರ ಬೆಳಿಗ್ಗೆ, ಮಕ್ಕಳು ಶಾಲೆಗೆ ಬಂದು ಕುಳಿತ ಸ್ವಲ್ಪ ಹೊತ್ತಿನಲ್ಲಿ, ರಾಶಿಯು ನೀರಿನಂತೆ ಹರಿದು ಬಂದು ಶಾಲೆಯನ್ನೂ ಅಕ್ಕಪಕ್ಕದ ಮನೆಗಳನ್ನೂ ಮುಚ್ಚಿತು. ಸತ್ತವರು 144 ಮಂದಿ. ಅವರಲ್ಲಿ 116 ಮಂದಿ ಮಕ್ಕಳು. ಆ ದಿನಗಳಲ್ಲಿ ಅಲ್ಲಿ ಮಳೆ ಬಿದ್ದಿತ್ತು, ನಿಜ. ಆದರೆ ವಿಚಾರಣೆ ನಡೆಸಿದ ಮಂಡಲಿಯು 1967ರಲ್ಲಿ ತಪ್ಪನ್ನು ಮಳೆಯ ಮೇಲೆ ಹೊರಿಸದೆ ರಾಶಿ ಹಾಕಿದ ಆಡಳಿತದ ಮೇಲೆ ಹೊರಿಸಿತು.

ಕೊರಕಲೆಂದರೆ ನೀರು ತಾನೇ ಮಾಡಿಕೊಂಡ ದಾರಿ. ಅದನ್ನು ಮಣ್ಣಿನಿಂದ ಮುಚ್ಚಿದರೆ ನೀರು ಬೇರೆ ಕಡೆಗೆ ಹೋಗುವುದಿಲ್ಲ, ಮಣ್ಣಿನೊಳಗೇ ನಿಲ್ಲುವುದು. ಆದುದರಿಂದ ಗುಡ್ಡದ ತಪ್ಪಲಿನ ಹಿಡುವಳಿದಾರರು ತಮ್ಮ ಜಮೀನಿನ ಮೇಲುಗಡೆಯ ಹಳ್ಳಗಳು ಎಲ್ಲಿ ಹುಟ್ಟುವವು, ಬೇಸಗೆಯಲ್ಲಿಯೂ ಜಿನುಗುವ ಒರತೆಗಳು ಯಾವುವು, ಅವುಗಳ ಮೇಲೆ ರಾಶಿ ಬಿದ್ದಿದೆಯೇ ಎಂಬುದನ್ನು ಒಮ್ಮೆ ಹತ್ತಿ ನೋಡತಕ್ಕದ್ದು. ದನಕಾಯುವವರಿಗೂ ಜೇನು ಕೀಳುವವರಿಗೂ ಇದು ತಿಳಿದಿರುತ್ತದೆ, ಕೇಳುವವರಿಲ್ಲ.

ಜರಿತವು ಬಹಳ ಸಲ ಮುನ್ಸೂಚನೆ ಕೊಡದೆ ಬರುವುದಿಲ್ಲ. ರಾಶಿಯ ನೆತ್ತಿಯಲ್ಲಿ ಬಿಲ್ಲಿನಾಕಾರದ ಬಿರುಕು ಬಿಡುವುದು, ಬುಡದಲ್ಲಿ ಹೊಟ್ಟೆಯುಬ್ಬಿದಂತೆ ಮಣ್ಣು ಮುಂದಕ್ಕೆ ಬರುವುದು, ನೆಟ್ಟಗಿದ್ದ ಗಿಡ ಮತ್ತು ಕಂಬಗಳು ಒಂದೇ ಕಡೆಗೆ ವಾಲುವುದು, ತಿಳಿಯಾಗಿದ್ದ ಒರತೆ ಕೆಂಪಾಗುವುದು ಇವೆಲ್ಲ ಅದರ ಗುರುತುಗಳು. ಎಲ್ಲಕ್ಕಿಂತ ಕೆಟ್ಟ ಗುರುತು ಮತ್ತೊಂದು. ಜೋರಾಗಿ ಮಳೆ ಸುರಿಯುತ್ತಿರುವಾಗ ತುಂಬಿ ಹರಿಯಬೇಕಾದ ಹಳ್ಳವು ಇದ್ದಕ್ಕಿದ್ದಂತೆ ಸಣ್ಣದಾದರೆ, ಮಳೆ ನಿಲ್ಲುವ ಸೂಚನೆಯೆಂದು ಸಂತೋಷಪಡಬಾರದು. ಮೇಲೆ ಮಣ್ಣು ಬಿದ್ದು ಹಳ್ಳ ಕಟ್ಟಿಕೊಂಡಿರಬಹುದು. ಆ ಕಟ್ಟೆ ಒಡೆದಾಗ ನೀರು, ಕೆಸರು, ಬಂಡೆಗಳೆಲ್ಲ ಒಟ್ಟಾಗಿ ಬರುವವು. ಅಂತಹ ಸಮಯದಲ್ಲಿ ಹಳ್ಳದ ದಂಡೆಯ ಗುಡಿಸಲು, ದನದ ಕೊಟ್ಟಿಗೆಗಳನ್ನು ಕೂಡಲೇ ಖಾಲಿ ಮಾಡಿಸುವುದು ಊರ ಮುಖಂಡರ ಕೆಲಸ. ಜಿಲ್ಲೆಯ ವಿಪತ್ತು ನಿರ್ವಹಣೆಯ ದೂರವಾಣಿ 1077ಕ್ಕೂ, ತಹಸೀಲ್ದಾರರಿಗೂ ಸುದ್ದಿ ಕೊಡತಕ್ಕದ್ದು. ಬಿರುಕು ಮಾತ್ರ ಕಂಡಿದ್ದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಗ್ರಾಮ ಪಂಚಾಯತಿಯ ಮೂಲಕ ಲಿಖಿತವಾಗಿ, ಸರ್ವೆ ನಂಬರು ಸಹಿತ ಬರೆಯುವುದು ಉತ್ತಮ. ಬಾಯಿಮಾತಿನ ದೂರಿಗೆ ದಾಖಲೆಯಿಲ್ಲ.

ಸಂಡೂರಿನ ಕೆಮ್ಮಣ್ಣೆಲ್ಲ ತುಂಗಭದ್ರಾ ಜಲಾಶಯವನ್ನು ತುಂಬಿತೆಂದು ಹೇಳುವವರುಂಟು. 1953ರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯದ ಸಾಮರ್ಥ್ಯವನ್ನು ಈಗ 105.788 ಟಿ.ಎಂ.ಸಿ. ಎಂದು ಲೆಕ್ಕ ಹಾಕಿರುವರೆಂಬುದು ನಿಜ. ಆದರೆ ಆ ಹೂಳು ಹೆಚ್ಚಾಗಿ ಮೇಲಿನ ದೊಡ್ಡ ಜಲಾನಯನ ಪ್ರದೇಶದಿಂದ ಬಂದುದು. ಸಂಡೂರಿನ ಗುಡ್ಡಗಳ ಪಡುವಣ ಮಗ್ಗುಲಿನ ನೀರು ಜಲಾಶಯದ ಕಡೆಗೆ ಹೋಗುವುದಾದರೂ, ಕಣಿವೆಯೊಳಗಿನ ನಾರಿಹಳ್ಳವು ಪೂರ್ವಕ್ಕೆ ಹರಿದು, ತಾರಾನಗರದ ಬಳಿಯ ಜಲಾಶಯವನ್ನು ತುಂಬಿ, ಭೀಮಗಂಡಿಯ ಮೂಲಕ ದರೋಜಿ ಕೆರೆಯ ಕಡೆಗೆ ಹೋಗುವುದು. ಆದುದರಿಂದ ಕಣಿವೆಯೊಳಗೆ ಜರಿದ ಮಣ್ಣಿನ ನಷ್ಟವನ್ನು ಅನುಭವಿಸುವವರು ಸಂಡೂರು, ದರೋಜಿಗಳ ರೈತರೇ ಹೊರತು ಬೇರೆಯವರಲ್ಲ. ಕೆರೆಗೆ ಬಂದ ಆ ಮಣ್ಣು ಗೋಡುಮಣ್ಣಿನಂತೆ ಹೊಲಕ್ಕೆ ಹಾಕತಕ್ಕದ್ದೂ ಅಲ್ಲ. ಅದರಲ್ಲಿ ಸಾರ ಕಡಮೆ, ಒಣಗಿದರೆ ಹೆಪ್ಪುಗಟ್ಟಿ ಮೊಳಕೆಯನ್ನು ಮೇಲೇಳಲು ಬಿಡದು.

ತಡೆಗಟ್ಟೆಗಳ ವಿಷಯದಲ್ಲಿ ಒಂದು ಮಾತು. ಹೂಳು ತುಂಬಿದ ತಡೆಗಟ್ಟೆಯು ತಡೆಗಟ್ಟೆಯೇ ಅಲ್ಲ. ನೀರು ಅದರ ಮೇಲಿಂದ ಧುಮುಕಿ ಬುಡವನ್ನು ಕೊರೆಯುವುದು. ರೋಹಿಣಿ ಮಳೆಗೆ ಮುಂಚೆ ಹೂಳು ತೆಗೆದಿದ್ದಾರೆಯೇ, ಬುಡದ ಗೋಡೆಗಳಲ್ಲಿ ನೀರು ಬಸಿಯುವ ತೂತುಗಳು ತೆರೆದಿವೆಯೇ ಎಂದು ಪಂಚಾಯತಿಯವರು ಪ್ರತಿವರ್ಷ ನೋಡಬೇಕು. ನೀರು ಬಸಿಯದ ಗೋಡೆಯು ಗುಡ್ಡವನ್ನು ಹಿಡಿಯುವ ಬದಲು ನೀರನ್ನು ಹಿಡಿದುಕೊಂಡು ತಾನೂ ಬೀಳುವುದು.

ಇಂಗುಗುಂಡಿಗಳ ಮೇಲೆ ಈಚೆಗೆ ಎಲ್ಲರಿಗೂ ವಿಶ್ವಾಸ ಬಂದಿದೆ. ಇಳುಕಲು ಕಡಮೆಯಿರುವ ಮಸಾರಿ ಹೊಲಗಳಲ್ಲಿ ಅವು ಬಲು ಉಪಯುಕ್ತ. ಆದರೆ ಅದೇ ಗುಂಡಿಯನ್ನು ಸಡಿಲ ರಾಶಿಯ ನೆತ್ತಿಯಲ್ಲಿಯೋ ಕಡಿದಾದ ಓರೆಯಲ್ಲಿಯೋ ತೋಡಿದರೆ ಜರಿತಕ್ಕೆ ಕೈಯಾರೆ ನೀರೂಡಿದಂತಾಗುವುದು. ಅಂತಹ ಕಡೆ ನೀರನ್ನು ಇಂಗಿಸದೆ, ಬೇಗನೆ ಮಗ್ಗುಲಿಗೆ ತಿರುಗಿಸಿ ಕಲ್ಲುಹಾಸಿದ ಕಾಲುವೆಯಲ್ಲಿ ಇಳಿಸತಕ್ಕದ್ದು. ಮೈಮೇಲೆ ಲಾವಂಚವನ್ನು ಮಟ್ಟದ ರೇಖೆಯಲ್ಲಿ ಸಾಲಾಗಿ ನೆಡುವುದು ಒಳ್ಳೆಯದು; ಗುಂಡ್ಲುಪೇಟೆಯ ಕಡೆಯ ರೈತರು ಬದುಗಳ ಮೇಲೆ ಬಹುಕಾಲದಿಂದ ಬೆಳೆಸಿಕೊಂಡು ಬಂದ ಲಾವಂಚದ ಬೇಲಿಗಳು ಪರದೇಶದ ತಜ್ಞರಿಗೂ ಮೇಲ್ಪಂಕ್ತಿಯಾದವು. ಆದರೆ ಬೇರು ಹಿಡಿಯುವುದು ಮೇಲ್ಮೈಯ ಕೆಲವು ಅಡಿ ಮಣ್ಣನ್ನು ಮಾತ್ರ. ನೂರು ಅಡಿಯ ರಾಶಿಯ ಒಡಲು ಜಾರತೊಡಗಿದರೆ ಹುಲ್ಲು ಅದರ ಜತೆಗೇ ಹೋಗುವುದು.

ಗಣಿಯವರನ್ನು ದೂರುವ ರೈತರೇ ಮನೆಗೆ, ರಸ್ತೆಗೆ ಗರಸು ಬೇಕಾದಾಗ ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿದು ಬಿಡುವುದನ್ನು ಸಹ ನೋಡಬಹುದಾಗಿದೆ. 1961ರ ಲೋಹಗಣಿ ನಿಯಮಗಳಲ್ಲಿ ಮಣ್ಣು, ಗರಸುಗಳ ಅಗೆತದ ಮಗ್ಗುಲು 45 ಅಂಶದ ಓರೆಯನ್ನು ಮೀರಬಾರದು, ಇಲ್ಲವೇ ಒಂದೂವರೆ ಮೀಟರಿಗಿಂತ ಎತ್ತರವಲ್ಲದ ಮೆಟ್ಟಿಲುಗಳಾಗಿ, ಎತ್ತರದಷ್ಟಾದರೂ ಅಗಲವಿರುವಂತೆ ಕಡಿಯಬೇಕು ಎಂದಿದೆ. ಗಣಿಗೆ ಹೇಳಿದ ಈ ಅಳತೆ ಹಳ್ಳಿಯ ಗರಸಿನ ಗುಂಡಿಗೂ ಸರಿಯಾದದ್ದೇ. ಗುಂಡಿಯೊಳಗೆ ಇಳಿದು ಅಗೆಯುವವರು ಕೂಲಿಯವರು, ಆಡುವವರು ಮಕ್ಕಳು.

ಹಂಪೆಯ ಕಡೆಯ ಬೆಟ್ಟಗಳ ರೀತಿ ಬೇರೆ. ಅಲ್ಲಿ ಮಣ್ಣಿಲ್ಲ, ಬಂಡೆಯ ಮೇಲೆ ಬಂಡೆ. ಬಿರುಕುಗಳ ಉದ್ದಕ್ಕೂ ಕಲ್ಲು ಕೊಳೆತು, ಮೂಲೆಗಳು ಸವೆದು ಗುಂಡಾಗಿ, ಅಕ್ಕತಂಗಿಯರ ಗುಡ್ಡದ ಜೋಡಿ ಬಂಡೆಗಳಂತೆ ಒಂದಕ್ಕೊಂದು ಆನಿಕೊಂಡವು. ಇವು ಬೀಳಲಾರವೆಂದಲ್ಲ; ಸಂದಿನಲ್ಲಿ ಬೆಳೆದ ಅರಳಿ, ಬಸರಿಗಳ ಬೇರು ಮೀಟುವುದರಿಂದಲೂ, ಬಂಡೆಯಡಿಯ ಮಣ್ಣು ಕೊಚ್ಚಿಹೋಗುವುದರಿಂದಲೂ, ಹತ್ತಿರದಲ್ಲಿ ಸಿಡಿಮದ್ದು ಹಾಕುವುದರಿಂದಲೂ ಉರುಳುವವು. ಬಾಳೆ ತೋಟವನ್ನು ವಿಸ್ತರಿಸುವುದಕ್ಕಾಗಿ ಬಂಡೆಯ ಬುಡದ ಮಣ್ಣನ್ನು ಕೆರೆದು ತೆಗೆಯುವ ಅಭ್ಯಾಸವನ್ನು ಬಿಡತಕ್ಕದ್ದು.

ಕಂಪ್ಲಿಯಲ್ಲಿ ಜರಿಯುವುದು ಗುಡ್ಡವಲ್ಲ, ಹೊಳೆಯ ದಂಡೆ ಮತ್ತು ಕಾಲುವೆಯ ಮಗ್ಗುಲು. ನ್ಯಾಯ ಮಾತ್ರ ಅದೇ. ಎರೆಮಣ್ಣು ಬೇಸಗೆಯಲ್ಲಿ ಆಳವಾಗಿ ಬಾಯಿಬಿಟ್ಟು, ನೀರು ಬಿದ್ದೊಡನೆ ಉಬ್ಬಿ ಮೆತ್ತಗಾಗುವುದು. ಇಂತಹ ನೆಲದಲ್ಲಿ ಕಾಲುವೆಯ ಮಗ್ಗುಲು ನಿಲ್ಲಬೇಕಾದರೆ ಉಬ್ಬದ ಗರಸುಮಣ್ಣಿನ ದಪ್ಪ ಪದರವನ್ನು ಹೊದಿಸಬೇಕೆಂಬುದನ್ನು ಮುಂಬಯಿಯ ಐ.ಐ.ಟಿ.ಯ ಪ್ರಾಧ್ಯಾಪಕರಾಗಿದ್ದ ಆರ್.ಕೆ. ಕಟ್ಟಿಯವರು ಪ್ರಯೋಗಗಳಿಂದ ತೋರಿಸಿಕೊಟ್ಟರು. ಪೈಪು ಹಾಯಿಸುವುದಕ್ಕಾಗಿ ಆ ಪದರವನ್ನು ಕಡಿಯುವ ರೈತನು ತನ್ನ ಗದ್ದೆಯ ಮೇಲಿನ ಏರಿಯನ್ನೇ ಕಡಿದಂತೆ.

ಹೊಳೆಯ ದಂಡೆಯು ಪ್ರವಾಹ ಏರುವಾಗ ಬೀಳುವುದಕ್ಕಿಂತ ಇಳಿಯುವಾಗ ಬೀಳುವುದು ಹೆಚ್ಚು. ಏರಿದ ನೀರು ದಂಡೆಯೊಳಗೆ ಸೇರಿಕೊಂಡು, ಹೊರಗಿನಿಂದ ಒತ್ತಿ ಹಿಡಿದೂ ಇರುತ್ತದೆ. ಹೊಳೆ ತಟ್ಟನೆ ಇಳಿದರೆ ಹೊರಗಿನ ಒತ್ತು ಹೋಗುವುದು, ಒಳಗಿನ ನೀರು ಉಳಿಯುವುದು. 2024ನೆಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಹೊಳೆಗೆ ದಿನಗಟ್ಟಲೆ ವಿಪರೀತ ನೀರು ಬಿಡಬೇಕಾಯಿತು. ಒಂದು ವಾರದೊಳಗೆ ತಾತ್ಕಾಲಿಕ ಗೇಟು ಕೂರಿಸಿದ ಮೇಲೆ ಹರಿವು ತಗ್ಗಿತು. ಅಷ್ಟು ಬೇಗ ಏರಿಳಿಯುವ ಹೊಳೆಯ ದಂಡೆಯಲ್ಲಿ ಅಂಚಿನವರೆಗೂ ಭತ್ತ, ಕಬ್ಬು ಹಾಕುವುದು ಲಾಭವಲ್ಲ. ಕೆಲವು ಗಜ ಅಗಲದ ಪಟ್ಟಿಯನ್ನು ಬಿದಿರಿಗೂ ಹೊಂಗೆಗೂ ಬಿಟ್ಟುಕೊಡತಕ್ಕದ್ದು. ದಂಡೆಯ ಬುಡದಿಂದ ಮರಳು ತೆಗೆಯುವವರಿಗೆ ಎಡೆಗೊಡಬಾರದು. ಪಂಪಿನ ಗುಂಡಿಯ ಸುತ್ತ ಪೈಪಿನ ಸೋರಿಕೆಯಿಂದ ನೆಲವು ಸದಾ ನೆನೆದಿರುವುದಾದರೆ ಮೊದಲು ಅದನ್ನು ನಿಲ್ಲಿಸಬೇಕು. ಗುಂಡಿಯ ಹಿಂದೆ ದಂಡೆಗೆ ಸಮಾನವಾಗಿ ಬಿರುಕು ಕಂಡಿದ್ದರೆ ಪಂಪನ್ನೂ ವಿದ್ಯುತ್ ಪೆಟ್ಟಿಗೆಯನ್ನೂ ಬಿರುಕಿನ ಹಿಂದಕ್ಕೆ ಸಾಗಿಸುವ ಕೆಲಸವನ್ನು ಹೊಳೆ ಇಳಿಯುವುದಕ್ಕೆ ಮೊದಲೇ ಮುಗಿಸಿಕೊಳ್ಳತಕ್ಕದ್ದು.