ನೀರಿಗೆ ಅಂಜುವ ಹಣ್ಣು

ತಮಿಳುನಾಡಿನ ತಿರುಪ್ಪೂರಿನಲ್ಲಿ ‘ಬೇಕರಿ’ ಎಂದರೆ ಬ್ರೆಡ್ಡು, ಬನ್ನು ಮಾರುವ ಅಂಗಡಿಯಷ್ಟೇ ಅಲ್ಲ, ಟೀ ಅಂಗಡಿಯೂ ಹೌದು. ಬನಿಯನ್ ಕಂಪನಿಗಳಲ್ಲಿ ಟೀ ಹೊತ್ತಾಯಿತೆಂದರೆ ಹೊಲಿಗೆ ಮಷೀನು ಬಿಟ್ಟೆದ್ದವರು ಅದರ ಮುಂದೆ ಸೇರುತ್ತಾರೆ. ಬಾಗಿಲ ಒಂದು ಪಕ್ಕ ಬಾಳೆಗೊನೆ ತೂಗುತ್ತಿರುತ್ತದೆ. ಇನ್ನೊಂದು ಪಕ್ಕ ಐದು ರೂಪಾಯಿ, ಹತ್ತು ರೂಪಾಯಿಯ ಕ್ರೀಮ್ ಬಿಸ್ಕತ್ತಿನ ಪೊಟ್ಟಣಗಳ ಸರ. ಆ ಪೊಟ್ಟಣಗಳ ಮೇಲೂ ಹಣ್ಣುಗಳದೇ ಜಾತ್ರೆ: ಹೋಳಾದ ಕಿತ್ತಳೆ, ಜುಟ್ಟು ಬಿಟ್ಟ ಅನಾನಸ್, ಮೈಮೇಲೆ ನೀರಹನಿ ಹೊತ್ತ ಸ್ಟ್ರಾಬೆರಿ.

ಆ ನೀರಹನಿಯೇ ಚೋದ್ಯ. ಬಿಸ್ಕತ್ತಿನ ಕಾರ್ಖಾನೆಯವರು ಎಲ್ಲಕ್ಕಿಂತ ಹೆಚ್ಚು ಹೆದರುವುದು ನೀರಿಗೆ.

ಒಲೆಯಿಂದ ಹೊರಬಂದ ಒಳ್ಳೆಯ ಬಿಸ್ಕತ್ತಿನಲ್ಲಿ ತೇವಾಂಶ ಶೇ 2ರಿಂದ 4ರಷ್ಟು ಮಾತ್ರ. ಹಲ್ಲಿಗೆ ಸಿಕ್ಕಿದಾಗ ಕರುಮ್ಮೆನ್ನುವುದು ಅದರಿಂದಲೇ. ಅದರ ಮೇಲಿನ ಸಣ್ಣ ತೂತುಗಳೂ ಅಲಂಕಾರಕ್ಕಲ್ಲ. ಬೇಯುವಾಗ ಒಳಗಿನ ಹಬೆ ಆಚೆ ಹೋಗಲಿ ಎಂದು ಚುಚ್ಚಿದ್ದು. ಇತ್ತ ಕಿತ್ತಳೆಯ ತೊಳೆಯಲ್ಲಿ ನೀರು ಶೇ 87ರಷ್ಟು, ಅನಾನಸಿನಲ್ಲಿ ಶೇ 86, ಸ್ಟ್ರಾಬೆರಿಯಲ್ಲಿ ಶೇ 91. ಎರಡು ಬಿಸ್ಕತ್ತಿನ ನಡುವೆ ಒಂದು ಚಮಚ ನಿಜವಾದ ಹಣ್ಣಿನ ತಿರುಳು ಹಚ್ಚಿಟ್ಟರೆ ನೀರು ಒದ್ದೆಯ ಕಡೆಯಿಂದ ಒಣಗಿದ ಕಡೆಗೆ ಹರಿಯುತ್ತದೆ. ಟೀಯಲ್ಲಿ ಅದ್ದಿ ಮರೆತ ಬಿಸ್ಕತ್ತಿನ ಹಾಗೆ ಅದು ಮೆತ್ತಗಾಗುತ್ತದೆ, ಹಾಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ. ತಿಂಗಳುಗಟ್ಟಲೆ ಅಂಗಡಿಯಲ್ಲಿ ತೂಗಬೇಕಾದ ಪೊಟ್ಟಣಕ್ಕೆ ಇದು ಆಗದ ಮಾತು.

ಆದ್ದರಿಂದ ನಡುವೆ ಕೂರುವ ಕ್ರೀಮಿನಲ್ಲಿ ನೀರನ್ನು ಸೇರಿಸುವುದೇ ಇಲ್ಲ. ಹೆಸರು ಕ್ರೀಮ್ ಆದರೂ ಅದು ಹಾಲಿನ ಕೆನೆಯಲ್ಲ. ಹಿಟ್ಟಿನಂತೆ ನುಣ್ಣಗೆ ಬೀಸಿದ ಸಕ್ಕರೆಯನ್ನು ಗಟ್ಟಿ ಕೊಬ್ಬಿನಲ್ಲಿ ಕಲಸಿ, ಚೂರು ಲೆಸಿಥಿನ್, ಬಣ್ಣ, ಪರಿಮಳ ಬೆರೆಸಿದ ಮಿಶ್ರಣ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆಯಲಾರವು. ಕೊಬ್ಬನ್ನೂ ನೋಡಿಯೇ ಆರಿಸುತ್ತಾರೆ: ಅಂಗಡಿಯಲ್ಲಿ ಗಟ್ಟಿಯಾಗಿರಬೇಕು, ನಾಲಗೆಯ ಬಿಸಿಗೆ ಕರಗಬೇಕು. ಬಿಸಿಲಿಗೆ ಬಿದ್ದ ಪೊಟ್ಟಣದ ಕ್ರೀಮ್ ಪಕ್ಕಕ್ಕೆ ಜಾರಿ ಅಂಟಿಕೊಳ್ಳುವುದೂ ಇದೇ ಗುಣದಿಂದ.

ಹಣ್ಣು ಈ ಕೋಟೆಯೊಳಗೆ ನುಸುಳಲು ಒಂದು ಕಿರುದಾರಿ ಇದೆ: ಜಾಮ್. ಕೆಲವು ಬಿಸ್ಕತ್ತುಗಳ ನಡುವೆ ಬೊಟ್ಟಿಟ್ಟಂತೆ ಕಾಣುವ ಜಾಮಿನಲ್ಲಿ ನೀರಿದೆ, ಆದರೆ ಆ ನೀರನ್ನು ಸಕ್ಕರೆ ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಅಂದರೆ ಹಣ್ಣು ಒಳಗೆ ಬಂದರೂ ಸಕ್ಕರೆಯ ಕಾವಲಿನಲ್ಲೇ ಬರಬೇಕು. ಉಳಿದಂತೆ ಬಿಸ್ಕತ್ತಿನವರಿಗೆ ಹೆಚ್ಚಾಗಿ ದಕ್ಕುವುದು ಹಣ್ಣಿನ ಹೆಸರು, ಬಣ್ಣ, ವಾಸನೆ. 2013ರಲ್ಲಿ ಅಮೆರಿಕದಲ್ಲಿ ಓರಿಯೋ ಹೆಸರಿನಲ್ಲಿ ಕೆಲಕಾಲ ಕಲ್ಲಂಗಡಿ ಬಿಸ್ಕತ್ತನ್ನೂ ಮಾರಿದರು. ನೂರು ಪಾಲಿನಲ್ಲಿ ತೊಂಬತ್ತೆರಡು ಪಾಲು ನೀರೇ ಆಗಿರುವ ಹಣ್ಣು ಅದು. ಬಿಸ್ಕತ್ತಿನ ನಡುವೆ ಅರ್ಧ ಹಸಿರು, ಅರ್ಧ ಕೆಂಪಿನ ಕ್ರೀಮಾಗಿ ಬಂತು.

ವಾಸನೆಯನ್ನು ಹಣ್ಣಿನಿಂದ ಬೇರ್ಪಡಿಸುವ ವಿದ್ಯೆ ಹೊಸದಲ್ಲ. 1851ರ ಲಂಡನ್ನಿನ ಮಹಾಪ್ರದರ್ಶನದಲ್ಲೇ ಅನಾನಸ್, ಪೇರ್ ಹಣ್ಣುಗಳ ಕೃತಕ ಸಾರಗಳನ್ನು ಜನರ ಮುಂದಿಟ್ಟಿದ್ದರು. ಆಮ್ಲ ಮತ್ತು ಮದ್ಯಸಾರ ಕೂಡಿ ಹುಟ್ಟುವ ಎಸ್ಟರ್ ಎಂಬ ಸಂಯುಕ್ತಗಳು ಅವು. ಈಥೈಲ್ ಬ್ಯುಟಿರೇಟ್ ಮೂಗಿಗೆ ಅನಾನಸ್ ಎನ್ನಿಸುತ್ತದೆ, ಐಸೊಅಮೈಲ್ ಅಸಿಟೇಟ್ ಬಾಳೆಹಣ್ಣು ಎನ್ನಿಸುತ್ತದೆ. ನಿಜವಾದ ಅನಾನಸಿನ ಕಂಪಿನಲ್ಲಿ ನೂರಾರು ಬಗೆಯ ಅಣುಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಹಿಡಿದರೂ ಮಿದುಳು ಉಳಿದುದನ್ನು ತಾನೇ ತುಂಬಿಕೊಳ್ಳುತ್ತದೆ. ಈ ಅಣುಗಳು ಬಿಸಿಗೆ ಹಾರಿಹೋಗುವಂಥವು. ಬಿಸ್ಕತ್ತು ಬೆಂದು ತಣ್ಣಗಾದ ಮೇಲೆ ಕ್ರೀಮ್ ಹಚ್ಚುವುದಕ್ಕೆ ಇದೂ ಒಂದು ಕಾರಣ. ಹುಳಿಗೆ ಸಿಟ್ರಿಕ್ ಆಮ್ಲ ಬೀಳುತ್ತದೆ, ಪೊಟ್ಟಣದ ಹಿಂದೆ ಅದು ‘330’ ಎಂಬ ಅಂಕಿಯಾಗಿ ಕಾಣುತ್ತದೆ.

ಕಿತ್ತಳೆಯದು ಇನ್ನೂ ಸ್ವಾರಸ್ಯದ ಕಥೆ. ಇಲ್ಲಿ ಹಣ್ಣಿನದೇ ಪರಿಮಳವನ್ನು ಬಳಸಲು ಅವಕಾಶವುಂಟು. ಕಿತ್ತಳೆಯ ಸಿಪ್ಪೆಯನ್ನು ದೀಪದ ಬಳಿ ಹಿಂಡಿದರೆ ಚಟಪಟ ಕಿಡಿ ಹಾರುತ್ತದಲ್ಲ, ಆ ಎಣ್ಣೆಯೇ ಪರಿಮಳದ ಮೂಲ. ಅದರಲ್ಲಿ ಶೇ 90ಕ್ಕೂ ಹೆಚ್ಚು ಲಿಮೊನೀನ್. ಎಣ್ಣೆಯಾದ್ದರಿಂದ ಕ್ರೀಮಿನ ಕೊಬ್ಬಿನೊಳಗೆ ಸಲೀಸಾಗಿ ಬೆರೆಯುತ್ತದೆ. ಆದರೆ ಕಿತ್ತಳೆ ತಿನ್ನಿ ಎಂದು ವೈದ್ಯರು ಹೇಳುವುದು ಯಾವುದಕ್ಕಾಗಿಯೋ ಆ ವಿಟಮಿನ್ ಸಿ ಕರಗುವುದು ನೀರಿನಲ್ಲಿ. ಅದು ರಸದ ಜೊತೆಗೆ ಹಿಂದೆಯೇ ಉಳಿಯುತ್ತದೆ. ನಾರು ತೊಳೆಯ ಜೊತೆಗೆ ಉಳಿಯುತ್ತದೆ. ಸಿಪ್ಪೆಯ ಕಂಪು ಮಾತ್ರ ಬಿಸ್ಕತ್ತಿನ ವರೆಗೆ ಬರುತ್ತದೆ.

ಇನ್ನು ಬಣ್ಣ. ಬಣ್ಣದ ವಿಷಯವನ್ನು ತಿರುಪ್ಪೂರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಟ್ಟೆಗೆ ಬಣ್ಣ ಹಾಕುವ ಘಟಕಗಳ ನೀರು ನೊಯ್ಯಲ್ ನದಿಯನ್ನು ಕೆಡಿಸಿದ್ದರಿಂದ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟು ಅವುಗಳನ್ನು ಮುಚ್ಚಿಸಿದ್ದು ಊರಿಗೆಲ್ಲ ನೆನಪಿದೆ. ಕಿತ್ತಳೆ ಕ್ರೀಮಿಗೆ ಬೀಳುವ ಸನ್‌ಸೆಟ್ ಯೆಲ್ಲೋ, ಅನಾನಸಿಗೆ ಬೀಳುವ ಟಾರ್ಟ್ರಜೀನ್, ಸ್ಟ್ರಾಬೆರಿಗೆ ಬೀಳುವ ಕಾರ್ಮೊಯಿಸೀನ್, ಮೂರೂ ಬಟ್ಟೆಗೆ ಬಳಸುವ ಅನೇಕ ಬಣ್ಣಗಳಂತೆ ‘ಅಜೋ’ ಕುಲದವು. ಕುಲ ಒಂದಾದರೂ ಶುದ್ಧತೆ ಬೇರೆ, ಪರೀಕ್ಷೆ ಬೇರೆ. ಆಹಾರಕ್ಕೆ ಬಳಸಲು ಭಾರತದಲ್ಲಿ ಎಂಟು ಸಂಶ್ಲೇಷಿತ ಬಣ್ಣಗಳಿಗಷ್ಟೇ ಅನುಮತಿ. ಬಿಸ್ಕತ್ತಿನಲ್ಲಿ ಕಿಲೋಗೆ 100 ಮಿಲಿಗ್ರಾಂ ಮೀರುವಂತಿಲ್ಲ. ಈ ಗೆರೆ ದಾಟಿ ರೋಡಮೀನ್-ಬಿ ಎಂಬ ಬಟ್ಟೆಯ ಬಣ್ಣ ತಿಂಡಿಗೆ ಸೇರಿದ್ದಕ್ಕೇ 2024ರ ಫೆಬ್ರುವರಿಯಲ್ಲಿ ತಮಿಳುನಾಡು ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಮರುತಿಂಗಳು ಕರ್ನಾಟಕವೂ ಬಣ್ಣದ ಮಿಠಾಯಿಯ ಮೇಲೆ ಕ್ರಮ ಕೈಗೊಂಡಿತು.

ಅನುಮತಿ ಇರುವ ಬಣ್ಣಗಳೂ ಚರ್ಚೆಯಿಂದ ಪಾರಾಗಿಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಕೆಲವು ಬಣ್ಣಗಳ ಜೊತೆಗೆ ಸೋಡಿಯಂ ಬೆಂಜೋಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದಾಗ ಮಕ್ಕಳಲ್ಲಿ ಚಂಚಲತೆ ತುಸು ಹೆಚ್ಚಿದ್ದು ಕಂಡಿತು. ಪರಿಣಾಮ ಚಿಕ್ಕದು, ಎಲ್ಲ ಮಕ್ಕಳಲ್ಲೂ ಒಂದೇ ತೆರನಲ್ಲ. ಆದರೂ ಐರೋಪ್ಯ ಒಕ್ಕೂಟ 2010ರ ಜುಲೈನಿಂದ, ಮೇಲೆ ಹೇಳಿದ ಮೂರೂ ಸೇರಿ ಆರು ಬಣ್ಣಗಳಲ್ಲಿ ಯಾವುದೊಂದಿದ್ದರೂ ಪೊಟ್ಟಣದ ಮೇಲೆ ಎಚ್ಚರಿಕೆಯ ಸಾಲು ಮುದ್ರಿಸಬೇಕೆಂದು ವಿಧಿಸಿತು.

ಹಾಗಾದರೆ ಹೊಟ್ಟೆಗೆ ಹೋಗುವುದೇನು? ಸಾಮಾನ್ಯ ಹಣ್ಣಿನ ಪರಿಮಳದ ಕ್ರೀಮ್ ಬಿಸ್ಕತ್ತು 100 ಗ್ರಾಂ ತೂಗಿದರೆ 480–500 ಕಿಲೊಕ್ಯಾಲೊರಿ, 30–40 ಗ್ರಾಂ ಸಕ್ಕರೆ, ಸುಮಾರು 20 ಗ್ರಾಂ ಕೊಬ್ಬು, 4–6 ಗ್ರಾಂ ಪ್ರೋಟೀನು. ಕೊಬ್ಬು ಹೆಚ್ಚಾಗಿ ತಾಳೆ ಎಣ್ಣೆಯದು, ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್. ಹಿಂದೆ ವನಸ್ಪತಿಯ ಜೊತೆ ಬರುತ್ತಿದ್ದ ಟ್ರಾನ್ಸ್ ಕೊಬ್ಬಿಗೆ ಮಾತ್ರ 2022ರ ಜನವರಿಯಿಂದ ಶೇ 2ರ ಮಿತಿ ಬಿದ್ದಿದೆ. ಅದು ನಿಜವಾದ ಸುಧಾರಣೆ. ಹಿಟ್ಟು ಮೈದಾ, ಅಂದರೆ ಗೋಧಿಯ ತೌಡು, ಮೊಳಕೆ ಎರಡನ್ನೂ ಕಳೆದದ್ದು. ನಾರು, ಕಬ್ಬಿಣ, ಬಿ ವಿಟಮಿನ್ನುಗಳ ದೊಡ್ಡ ಪಾಲು ಅವುಗಳ ಜೊತೆಗೇ ಹೋಗಿರುತ್ತದೆ.

ಒಂದು ಸಣ್ಣ ಲೆಕ್ಕ. ಐದು ಬಿಸ್ಕತ್ತು ಸುಮಾರು 50 ಗ್ರಾಂ ಎಂದಿಟ್ಟುಕೊಂಡರೆ ಸಕ್ಕರೆ 15ರಿಂದ 20 ಗ್ರಾಂ, ಅಂದರೆ ಮೂರು ನಾಲ್ಕು ಟೀ ಚಮಚ. ದಿನಕ್ಕೆ 2000 ಕಿಲೊಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸೇರಿಸಿದ ಸಕ್ಕರೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಜೊತೆಗಿರುವ ಟೀಯ ಸಕ್ಕರೆ ಲೆಕ್ಕಕ್ಕೆ ಇನ್ನೂ ಬಂದಿಲ್ಲ.

ಆ ಸಕ್ಕರೆಗೂ ಈ ಸೀಮೆಗೂ ಮಾತ್ರ ಹಳೆಯ ನಂಟು. ಓರಿಯೋ ಅಮೆರಿಕದಲ್ಲಿ ಮಾರಾಟಕ್ಕೆ ಬಂದ 1912ರಲ್ಲೇ ನೆರೆಯ ಕೊಯಮತ್ತೂರಿನಲ್ಲಿ ಕಬ್ಬು ತಳಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಚಾರ್ಲ್ಸ್ ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ರಸಭರಿತ ಕಬ್ಬನ್ನು ಹುಲ್ಲಿನಂಥ ಕಾಡು ಕಬ್ಬಿನ ಜೊತೆ ಕೂಡಿಸಿದರು. 1918ರಲ್ಲಿ ‘ಕೊ 205’ ಹೊರಬಂತು. ಉತ್ತರ ಭಾರತದ ಚಳಿ, ಬರಗಳನ್ನು ತಡೆದು ನಿಂತಿತು. ತಳಿಯ ಹೆಸರಿನ ‘ಕೊ’ ಎಂದರೆ ಕೊಯಮತ್ತೂರು. ಕರ್ನಾಟಕದ ರೈತರು ಬರೀ ಅಂಕಿಯಿಂದ ಗುರುತಿಸುವ ‘86032’ ಕೂಡ ಅಲ್ಲಿಯದೇ. ಕಿತ್ತಳೆ ಬಿಸ್ಕತ್ತಿನಲ್ಲಿ ಕಿತ್ತಳೆಗಿಂತ ಕೊಯಮತ್ತೂರಿನ ಪಾಲೇ ದೊಡ್ಡದೆಂದರೆ ಉತ್ಪ್ರೇಕ್ಷೆಯಾಗದು.

ಸಕ್ಕರೆ, ಕೊಬ್ಬು, ಮೈದಾ ಹೀಗೆ ನೀರಿಲ್ಲದೆ ಒತ್ತಾಗಿ ಸೇರಿದಾಗ ಇನ್ನೊಂದು ತೊಂದರೆ. ಹಣ್ಣಿನ ನೀರು, ನಾರು ಹೊಟ್ಟೆ ತುಂಬಿಸುತ್ತವೆ, ಬಿಸ್ಕತ್ತು ತುಂಬಿಸುವುದಿಲ್ಲ. 240 ಕಿಲೊಕ್ಯಾಲೊರಿಯನ್ನು ಕಿತ್ತಳೆಯಿಂದ ಪಡೆಯಲು ಅರ್ಧ ಕಿಲೋ ತೊಳೆ ತಿನ್ನಬೇಕು, ಸಿಪ್ಪೆ ಸುಲಿಯುವುದರಲ್ಲೇ ಅರ್ಧ ಹಸಿವು ತೀರುತ್ತದೆ. ಐದು ಬಿಸ್ಕತ್ತು ಟೀ ಆರುವ ಮೊದಲೇ ಮುಗಿದಿರುತ್ತದೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಅವರ ತಂಡ ಇಪ್ಪತ್ತು ಜನರಿಗೆ ಎರಡು ವಾರ ಕಾರ್ಖಾನೆಯ ಸಂಸ್ಕರಿತ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟು, ಎಷ್ಟು ಬೇಕಾದರೂ ತಿನ್ನಿ ಎಂದಿತು. ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸರಾಸರಿ 500 ಕಿಲೊಕ್ಯಾಲೊರಿ ಹೆಚ್ಚು ತಿಂದಿದ್ದರು, ತಿಂದದ್ದೂ ಬೇಗ ಬೇಗ.

ಇಷ್ಟಾದರೂ ಬಿಸ್ಕತ್ತು ವಿಷವಲ್ಲ. ದಿನವಿಡೀ ದುಡಿಯುವ ಮೈಗೆ ಅದು ತಕ್ಷಣದ ಕಸುವು ಕೊಡುತ್ತದೆ. ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ನೀರನ್ನು ಹೊರಗಿಟ್ಟ ಲಾಭ ಇದು. ತೊಡಕಿರುವುದು ಹಣ್ಣಿನ ಚಿತ್ರ ನೋಡಿ ಮಗುವಿನ ಡಬ್ಬಿಗೆ ಹಣ್ಣಿನ ಬದಲು ಅದನ್ನು ಹಾಕಿದಾಗ, ಇಲ್ಲವೇ ಬೆಳಗಿನ ತಿಂಡಿಯೇ ಟೀ-ಬಿಸ್ಕತ್ತು ಆದಾಗ. ಆ ಜಾಗದಲ್ಲಿ ಬೇಕಿರುವುದು ನಿಜವಾದ ಊಟ. ಕೊಯಮತ್ತೂರಿನ ಅವಿನಾಶಿಲಿಂಗಂ ಸಂಸ್ಥೆಯಲ್ಲಿ ಗೃಹವಿಜ್ಞಾನವನ್ನು ಕಟ್ಟಿದ ಪೋಷಣಾ ತಜ್ಞೆ ರಾಜಮ್ಮಾಳ್ ದೇವದಾಸ್ ಶಾಲೆಯ ಊಟದ ಮೇಲೆ ದಶಕಗಳ ಕಾಲ ಕೆಲಸ ಮಾಡಿದರು. ತಮಿಳುನಾಡು 2022ರಲ್ಲಿ ಆರಂಭಿಸಿ ಮರುವರ್ಷ ವಿಸ್ತರಿಸಿದ ಶಾಲಾ ಉಪಾಹಾರದಲ್ಲಿ ಉಪ್ಪಿಟ್ಟು, ಪೊಂಗಲ್, ಕಿಚಡಿಗಳಿಗೆ ತರಕಾರಿ ಸಾಂಬಾರಿನ ಜೊತೆಯುಂಟು. ಬಿಸ್ಕತ್ತನ್ನೇ ಸುಧಾರಿಸಲೂ ಆಗುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 2020ರ ಏಪ್ರಿಲ್‌ನಲ್ಲಿ ದೆಹಲಿಯ ಏಮ್ಸ್‌ನ ಕೋವಿಡ್ ರೋಗಿಗಳಿಗೆ ಕಳಿಸಿದ ಬಿಸ್ಕತ್ತಿನಲ್ಲಿ ಪ್ರೋಟೀನು ಶೇ 14ರಷ್ಟಿತ್ತು. ಅದರ ಮೇಲೆ ಹಣ್ಣಿನ ಹೆಸರಿನ ಹಂಗೇನೂ ಇರಲಿಲ್ಲ.

ಪೊಟ್ಟಣ ಕೈಗೆ ಬಂದಾಗ ಸತ್ಯ ಹಿಂಬದಿಯಲ್ಲೇ ಇರುತ್ತದೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬುದು ಕಾನೂನು. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ. ಹಣ್ಣು ಇದ್ದರೆ ಬಾಲದ ತುದಿಯಲ್ಲಿ, ಬಹಳ ಸಲ ಅಲ್ಲೂ ಇಲ್ಲ. ಕೊನೆಗೆ ಅನುಮತಿ ಪಡೆದ ಬಣ್ಣ, ಸೇರಿಸಿದ ಪರಿಮಳ ಇದೆ ಎಂಬ ಸಾಲು. ಅಕ್ಷರ ಇರುವೆಯಷ್ಟು ಚಿಕ್ಕದು, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ.

2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತಿನ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಬೇಕರಿಯ ಬಾಗಿಲ ಆ ಪಕ್ಕದ ಬಾಳೆಗೊನೆಗೆ ಮೊದಲೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ. ಅದರ ಒಂದು ಹಣ್ಣಿನಲ್ಲಿ ಮುಕ್ಕಾಲು ಪಾಲು ನೀರು, ಜೊತೆಗೆ ನಾರು, ಪೊಟ್ಯಾಸಿಯಂ. ಪದಾರ್ಥಗಳ ಪಟ್ಟಿ ಮಾತ್ರ ಅದರ ಮೇಲೆ ಎಲ್ಲೂ ಅಂಟಿಸಿರುವುದಿಲ್ಲ.